300 ಮಿ.ಲೀ. ಗೆರೆ: ಬೆಳಗಾವಿಯ ಹಳ್ಳಿಗಳಿಂದ ಹೊರಟ ಒಂದು ಪ್ಲಾಸ್ಟಿಕ್ ಹಾಳೆ

ಹೆರಿಗೆಯಾದ ಮೇಲೆ ಬಾಣಂತಿಗೆ ಎಷ್ಟು ರಕ್ತ ಹೋಯಿತು ಎಂದು ಕೇಳಿದರೆ ಬಹುತೇಕ ಹೆರಿಗೆ ಕೋಣೆಗಳಲ್ಲಿ ಸಿಗುವ ಉತ್ತರ ಎರಡೇ: ‘ಮಾಮೂಲಿ’, ಇಲ್ಲವೇ ‘ಸ್ವಲ್ಪ ಜಾಸ್ತಿ’. ಕೇಸ್ ಶೀಟಿನಲ್ಲಿ 200 ಮಿ.ಲೀ., 250 ಮಿ.ಲೀ. ಎಂದು ಅಂಕಿ ಬರೆದಿರುತ್ತದೆ ನಿಜ. ಆದರೆ ಅದು ಅಳತೆಯಲ್ಲ, ಕಣ್ಣಂದಾಜು. ಅಷ್ಟು ಹೊತ್ತಿಗೆ ಅರ್ಧ ರಕ್ತ ಬಟ್ಟೆಗೆ ಇಂಗಿರುತ್ತದೆ, ಒಂದಿಷ್ಟು ನೆತ್ತಿನೀರಿನ (ಗರ್ಭದಲ್ಲಿ ಮಗುವಿನ ಸುತ್ತ ಇರುವ ನೀರಿನ) ಜೊತೆ ಬೆರೆತು ಟ್ರೇಗೆ ಇಳಿದಿರುತ್ತದೆ, ನೆಲಕ್ಕೆ ಹರಿದದ್ದನ್ನು ಆಯಾ ಒರೆಸಿಯಾಗಿರುತ್ತದೆ. ಉಳಿದದ್ದನ್ನು ನೋಡಿ ಅಂಕಿ ಬರೆಯಬೇಕು.

ಆ ಅಂಕಿ ಎಷ್ಟು ಸುಳ್ಳಾಗುತ್ತದೆ ಎಂದು ಅಳೆದು ತೋರಿಸಿದ ಕೆಲಸ ನಡೆದದ್ದು ನಮ್ಮ ಬೆಳಗಾವಿಯಲ್ಲಿ. ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ವಿಶ್ವವಿದ್ಯಾಲಯಗಳ ಜೊತೆಗೂಡಿ, ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಹಾಳೆಯೊಂದನ್ನು ಬಳಸಿ ರಕ್ತ ಸಂಗ್ರಹಿಸಿ, ಅದನ್ನು ಕಣ್ಣಂದಾಜಿನ ಜೊತೆ ಹೋಲಿಸಿದರು. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕಣ್ಣಂದಾಜು ಹಾಳೆಯ ಅಳತೆಗಿಂತ ಶೇ 33ರಷ್ಟು ಕಡಿಮೆ. ಈ ಲೆಕ್ಕದಲ್ಲಿ 750 ಮಿ.ಲೀ. ಹೋಗಿದ್ದರೂ ಕಣ್ಣಿಗೆ 500 ಎಂದೇ ಕಾಣುತ್ತದೆ. ಹೆರಿಗೆ ಮಾಡಿಸಿದವರಿಗೆ ಅನುಭವವಿಲ್ಲ ಎಂದಲ್ಲ. ಬಟ್ಟೆಗೆ ಇಂಗಿದ ದ್ರವವನ್ನು ಅಂದಾಜು ಮಾಡುವುದು ಯಾರಿಂದಲೂ ಆಗದ ಕೆಲಸ; ರಕ್ತ ಹೆಚ್ಚು ಹೋದಷ್ಟೂ ಅಂದಾಜು ಹೆಚ್ಚು ತಪ್ಪುತ್ತದೆ. ಎಲ್ಲಿ ಸರಿಯಾಗಿ ತಿಳಿಯಲೇಬೇಕೋ ಅಲ್ಲೇ ಕಣ್ಣು ಕೈಕೊಡುತ್ತದೆ.

ಇದು ಯಾಕೆ ಜೀವದ ಪ್ರಶ್ನೆ ಎನ್ನುವುದು ತಿಳಿಯಬೇಕಾದರೆ ಗರ್ಭಕೋಶದ ಒಳಗೆ ಏನಾಗುತ್ತದೆ ಎಂದು ನೋಡಬೇಕು. ದಿನ ತುಂಬಿದ ಗರ್ಭಿಣಿಯ ಗರ್ಭಕೋಶದ ಮೂಲಕ ನಿಮಿಷಕ್ಕೆ 500ರಿಂದ 700 ಮಿ.ಲೀ. ರಕ್ತ ಹರಿಯುತ್ತಿರುತ್ತದೆ. ಮಾಸು ಬಿಟ್ಟುಬಂದ ಜಾಗದಲ್ಲಿ ಆ ರಕ್ತನಾಳಗಳ ಬಾಯಿ ಹಾಗೇ ತೆರೆದಿರುತ್ತದೆ. ಅವನ್ನು ಮುಚ್ಚುವುದು ಗರ್ಭಕೋಶದ ಸ್ನಾಯು. ಅಡ್ಡಡ್ಡ ಉದ್ದುದ್ದ ಹೆಣೆದುಕೊಂಡಿರುವ ಸ್ನಾಯುವಿನ ಎಳೆಗಳು ಬಿಗಿದಾಗ ನಡುವಿನ ನಾಳಗಳು ಹಿಂಡಿದಂತೆ ಮುಚ್ಚಿಕೊಳ್ಳುತ್ತವೆ. ರಕ್ತ ಹೆಪ್ಪುಗಟ್ಟುವುದು ಆಮೇಲಿನ ಮಾತು. ಹೊಟ್ಟೆಯ ಮೇಲೆ ಕೈಯಿಟ್ಟರೆ ಬಿಗಿದ ಗರ್ಭಕೋಶ ಹೊಕ್ಕುಳಿನ ಆಸುಪಾಸಿನಲ್ಲಿ ಗಟ್ಟಿ ಚೆಂಡಿನ ಹಾಗೆ ಕೈಗೆ ಸಿಗುತ್ತದೆ. ಬಿಗಿಯದೇ ಇದ್ದದ್ದು ನಾದಿಟ್ಟ ಕಣಕದ ಹಾಗೆ. ಅದರ ಅಂಚು ಎಲ್ಲಿ ಮುಗಿಯಿತು ಎಂದು ಬೆರಳಿಗೆ ತಿಳಿಯುವುದೇ ಇಲ್ಲ. ಹೆರಿಗೆಯ ನಂತರದ ಅತಿಯಾದ ರಕ್ತಸ್ರಾವದಲ್ಲಿ ಹತ್ತರಲ್ಲಿ ಏಳರಷ್ಟಕ್ಕೆ ಕಾರಣ ಈ ಮೆತ್ತಗಿನ ಗರ್ಭಕೋಶ. ಉಳಿದವು ಹರಿದ ಗಾಯ, ಒಳಗೇ ಉಳಿದ ಮಾಸಿನ ಚೂರು, ಹೆಪ್ಪುಗಟ್ಟದ ರಕ್ತ.

ಇನ್ನು ತಾಯಿಯಿಂದ ತಾಯಿಗೆ ಇರುವ ಅಂತರದ ವಿಷಯ. ದಿನ ತುಂಬಿದಾಗ ತಾಯಿಯ ಮೈಯಲ್ಲಿ ಕಿಲೋಗೆ ಸುಮಾರು 100 ಮಿ.ಲೀ. ರಕ್ತ ಇರುತ್ತದೆ ಎಂದು ಲೆಕ್ಕ ಹಿಡಿಯಿರಿ. 65 ಕೆ.ಜಿ. ತೂಕದ, ಹಿಮೋಗ್ಲೋಬಿನ್ 12 ಇರುವ ಹೆಣ್ಣುಮಗಳಿಗೆ ಒಂದು ಲೀಟರ್ ಹೋದರೆ ಆರರಲ್ಲಿ ಒಂದು ಪಾಲೂ ಅಲ್ಲ. 42 ಕೆ.ಜಿ. ತೂಕದ, ಹಿಮೋಗ್ಲೋಬಿನ್ 7 ಇರುವವಳಿಗೆ ಅದೇ ಒಂದು ಲೀಟರ್ ನಾಲ್ಕರಲ್ಲಿ ಒಂದು ಪಾಲು, ಉಳಿದ ರಕ್ತದಲ್ಲೂ ಆಮ್ಲಜನಕ ಹೊರುವ ಶಕ್ತಿ ಅರ್ಧಕ್ಕಿಂತ ತುಸು ಮೇಲೆ ಅಷ್ಟೇ. ಪಠ್ಯಪುಸ್ತಕದ ‘500 ಮಿ.ಲೀ. ಮೀರಿದರೆ ಅಪಾಯ’ ಎಂಬ ಗೆರೆ ಇಬ್ಬರಿಗೂ ಒಂದೇ. ಅಪಾಯ ಮಾತ್ರ ಒಂದೇ ಅಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಗರ್ಭಿಣಿಯರಲ್ಲಿ ಶೇ 45.7ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು 2004–06ರಲ್ಲಿ ನಮ್ಮ ರಾಜ್ಯದಲ್ಲಿ 213 ಇದ್ದದ್ದು 2018–20ರ ಹೊತ್ತಿಗೆ 69ಕ್ಕೆ ಇಳಿಯಿತು. ದೊಡ್ಡ ಇಳಿಕೆಯೇ. ಆದರೆ ಅದೇ ಅವಧಿಯಲ್ಲಿ ಪಕ್ಕದ ಕೇರಳದ್ದು 19. ರಾಜ್ಯದ ಸರಾಸರಿಯ ಒಳಗೂ ಯಾದಗಿರಿಯ ತಾಂಡಾ ಬೇರೆ, ಬೆಂಗಳೂರಿನ ಬಡಾವಣೆ ಬೇರೆ.

ಮಾತ್ರೆ ಒಂದೇ, ಪ್ರಶ್ನೆ ಬೇರೆ

ಗರ್ಭಕೋಶ ಬಿಗಿಯಲು ಎಲ್ಲಕ್ಕಿಂತ ಒಳ್ಳೆಯ ಔಷಧ ಆಕ್ಸಿಟೋಸಿನ್ ಇಂಜೆಕ್ಷನ್. ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯೂ ಅದೇ ಕೆಲಸ ಮಾಡುತ್ತದೆ. ಎರಡನ್ನೂ ಹೋಲಿಸಿ ವಿಶ್ವ ಆರೋಗ್ಯ ಸಂಸ್ಥೆ ಹಲವು ದೇಶಗಳ ಆಸ್ಪತ್ರೆಗಳಲ್ಲಿ ನಡೆಸಿದ ದೊಡ್ಡ ಪ್ರಯೋಗ 2001ರಲ್ಲಿ ಪ್ರಕಟವಾಯಿತು. ಒಂದು ಲೀಟರ್ ಅಥವಾ ಅದಕ್ಕೂ ಹೆಚ್ಚು ರಕ್ತ ಹೋದವರು ಆಕ್ಸಿಟೋಸಿನ್ ಗುಂಪಿನಲ್ಲಿ ಶೇ 3, ಮಿಸೊಪ್ರೊಸ್ಟಾಲ್ ಗುಂಪಿನಲ್ಲಿ ಶೇ 4. ಆಸ್ಪತ್ರೆಯಲ್ಲಿ ಆಕ್ಸಿಟೋಸಿನ್ ಇರುವಾಗ ಮಾತ್ರೆ ಬೇಡ ಎಂಬ ತೀರ್ಮಾನ ಸರಿಯಾದದ್ದೇ.

ಆದರೆ ಆಕ್ಸಿಟೋಸಿನ್ ಇಲ್ಲದ ಮನೆಯಲ್ಲಿ? ಆ ಕಾಲಕ್ಕೆ ನಮ್ಮಲ್ಲಿ ಎಎನ್‌ಎಂಗಳಿಗೆ (ಹಳ್ಳಿಯ ಉಪಕೇಂದ್ರದ ಆರೋಗ್ಯ ಸಹಾಯಕಿಯರಿಗೆ) ಆ ಇಂಜೆಕ್ಷನ್ ಕೊಡುವ ಅಧಿಕಾರವೇ ಇರಲಿಲ್ಲ. 2005–06ರ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿನಲ್ಲೂ ರಾಜ್ಯದ ಮೂರರಲ್ಲಿ ಒಂದು ಹೆರಿಗೆ ಆಸ್ಪತ್ರೆಯ ಹೊರಗೇ ನಡೆಯುತ್ತಿತ್ತು. ಅಲ್ಲಿ ಮಾತ್ರೆಯನ್ನು ಹೋಲಿಸಬೇಕಾದದ್ದು ಇಂಜೆಕ್ಷನ್ನಿಗಲ್ಲ, ಏನೂ ಇಲ್ಲದಿರುವುದಕ್ಕೆ. ಈ ಪ್ರಶ್ನೆಯನ್ನು ಹಿಡಿದು ಬೆಳಗಾವಿಯ ವೈದ್ಯಕೀಯ ಕಾಲೇಜು, ಮಿಸೌರಿ ವಿಶ್ವವಿದ್ಯಾಲಯದ ಕಾನ್ಸಸ್ ಸಿಟಿ ವಿಭಾಗ ಮತ್ತು ಶಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯ ಸೇರಿ 2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರಿನವರೆಗೆ ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಪ್ರಯೋಗ ನಡೆಸಿದವು. ರಿಚರ್ಡ್ ಡರ್ಮನ್, ಭಾಲಚಂದ್ರ ಕೊಡಕಣಿ, ಶಿವಪ್ರಸಾದ ಗೌಡರ್ ಮೊದಲಾದವರು ಇದರ ಮುಂದಾಳುಗಳು. ಒಟ್ಟು 1,620 ಹೆಂಗಸರು. 812 ಮಂದಿಗೆ ಮಿಸೊಪ್ರೊಸ್ಟಾಲ್ 600 ಮೈಕ್ರೊಗ್ರಾಂ, ಅಂದರೆ 200ರ ಮೂರು ಮಾತ್ರೆ. 808 ಮಂದಿಗೆ ನೋಡಲು ಅದೇ ಥರ ಇರುವ, ಔಷಧವಿಲ್ಲದ ಮಾತ್ರೆ. ಕೊಟ್ಟವರು ಡಾಕ್ಟರುಗಳಲ್ಲ, ಎಎನ್‌ಎಂಗಳು. ನಡೆದದ್ದು ಮನೆಗಳಲ್ಲಿ ಮತ್ತು ಉಪಕೇಂದ್ರಗಳಲ್ಲಿ. ಹೊಕ್ಕುಳಬಳ್ಳಿ ಕಟ್ಟಿ ಕತ್ತರಿಸಿದ ಐದು ನಿಮಿಷದೊಳಗೆ ಮಾತ್ರೆ ನುಂಗಿಸಬೇಕಿತ್ತು.

ಫಲಿತಾಂಶ 2006ರಲ್ಲಿ ಬಂತು. 500 ಮಿ.ಲೀ. ಮೀರಿದ ರಕ್ತಸ್ರಾವ ಶೇ 12.0ರಿಂದ ಶೇ 6.4ಕ್ಕೆ ಇಳಿಯಿತು. ಒಂದು ಲೀಟರ್ ಮುಟ್ಟಿದ ತೀವ್ರ ರಕ್ತಸ್ರಾವ ಶೇ 1.2ರಿಂದ ಶೇ 0.2ಕ್ಕೆ. ಮಾತ್ರೆ ಕೊಟ್ಟ ಪ್ರತಿ 18 ಮಂದಿಯಲ್ಲಿ ಒಬ್ಬಳಿಗೆ ಅತಿಯಾದ ರಕ್ತಸ್ರಾವ ತಪ್ಪಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಅರ್ಧದಷ್ಟು ಹೆಂಗಸರಿಗೆ ಔಷಧವಿಲ್ಲದ ಮಾತ್ರೆ ಕೊಟ್ಟದ್ದು ಸರಿಯೇ ಎಂದು ಕೇಳುವವರಿದ್ದಾರೆ, ಕೇಳಬೇಕಾದ ಪ್ರಶ್ನೆಯೇ. ಆ ಹಳ್ಳಿಗಳಲ್ಲಿ ಆಗ ಸಿಗುತ್ತಿದ್ದ ಆರೈಕೆಗಿಂತ ಕಡಿಮೆ ಯಾರಿಗೂ ಸಿಗಲಿಲ್ಲ ಎಂಬುದು ಅದಕ್ಕಿರುವ ಉತ್ತರ. ಆದರೆ ಉತ್ತರ ಒಮ್ಮೆ ಸಿಕ್ಕಿದ ಮೇಲೆ ಅಂಥ ಪ್ರಯೋಗವನ್ನು ಮತ್ತೆ ಮಾಡುವ ಹಾಗಿಲ್ಲ.

ಮಾತ್ರೆಯ ಬಗ್ಗೆ ಎರಡು ಎಚ್ಚರಿಕೆ ಹೇಳಲೇಬೇಕು. ಒಂದು, ಮಗು ಹೊರಬರುವ ಮೊದಲು ಈ ಪ್ರಮಾಣ ಕೊಟ್ಟರೆ ಗರ್ಭಕೋಶವೇ ಒಡೆಯಬಹುದು. ಅವಳಿ ಇದ್ದು ಎರಡನೇ ಮಗು ಒಳಗೆ ಇದ್ದರೂ ಇದೇ ಅಪಾಯ. ಹಾಗಾಗಿ ಮಾತ್ರೆ ಕೈಗೆತ್ತಿಕೊಳ್ಳುವ ಮೊದಲು ಹೊಟ್ಟೆ ಮುಟ್ಟಿ ಇನ್ನೊಂದು ಮಗು ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಎರಡು, ನುಂಗಿದ ಮೇಲೆ ಚಳಿ ನಡುಕ, ಜ್ವರ ಬರುವುದು ಸಾಮಾನ್ಯ, ಕೆಲವು ಗಂಟೆಯಲ್ಲಿ ತಾನಾಗಿ ಇಳಿಯುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಮನೆಯವರು ‘ಬಾಣಂತಿಗೆ ಸನ್ನಿ ಹಿಡಿಯಿತು’ ಎಂದು ಗಾಬರಿಯಾಗುತ್ತಾರೆ, ಮುಂದಿನ ಹೆರಿಗೆಗೆ ಆ ಓಣಿಯಲ್ಲಿ ಯಾರೂ ಮಾತ್ರೆ ಮುಟ್ಟುವುದಿಲ್ಲ.

ಹಾಳೆ ಹೇಗಿದೆ, ಹೇಗೆ ಕಟ್ಟಬೇಕು

ಪ್ರಯೋಗದಲ್ಲಿ ಮಾತ್ರೆಗೆ ಸಿಕ್ಕ ಹೆಸರು ಹಾಳೆಗೆ ಆಗ ಸಿಗಲಿಲ್ಲ. ನಮ್ಮ ದೃಷ್ಟಿಯಲ್ಲಿ ಬೆಳಗಾವಿಯ ದೊಡ್ಡ ಕೊಡುಗೆ ಅದೇ. ಮನೆಯ ಚಿಮಣಿ ಬೆಳಕಿನಲ್ಲೂ ಮಿಲಿಲೀಟರ್ ಲೆಕ್ಕದಲ್ಲಿ ರಕ್ತ ಅಳೆಯದಿದ್ದರೆ ಶೇ 12, ಶೇ 6.4 ಎಂಬ ಅಂಕಿಗಳೇ ಹುಟ್ಟುತ್ತಿರಲಿಲ್ಲ. ಅದಕ್ಕಾಗಿ ಇವರು ತಾವೇ ರೂಪಿಸಿಕೊಂಡ ಸಾಧನಕ್ಕೆ ‘ಬ್ರಾಸ್-ವಿ’ ಎಂದು ಹೆಸರಿಟ್ಟರು. ರೂಪಿಸಿದವರ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದ್ದು.

ನೋಡಲು ಸರಳ. ಪಾರದರ್ಶಕ ಪ್ಲಾಸ್ಟಿಕ್. ಮೇಲಿನ ಭಾಗ ಅಗಲ ಹಾಳೆ, ಅದರ ಎರಡೂ ಬದಿಗೆ ಹೊಟ್ಟೆಯ ಸುತ್ತ ಕಟ್ಟಲು ಒಂದೊಂದು ಪಟ್ಟಿ. ಕೆಳಭಾಗ ಆಲಿಕೆಯ ಹಾಗೆ ಕಿರಿದಾಗುತ್ತಾ ಹೋಗಿ ಜೋಳಿಗೆಯಾಗುತ್ತದೆ. ಆ ಜೋಳಿಗೆಯ ಮೇಲೆ ಅಳತೆಯ ಗೆರೆಗಳು. ತುದಿ ಚೂಪಾಗಿರುವುದರಿಂದ ಸ್ವಲ್ಪ ರಕ್ತ ಬಂದರೂ ಮಟ್ಟ ಬೇಗ ಮೇಲೇರುತ್ತದೆ. ಚಪ್ಪಟೆ ಟ್ರೇಯಲ್ಲಾದರೆ 300 ಮಿ.ಲೀ. ಇದ್ದರೂ ತೆಳ್ಳಗೆ ಹರಡಿ ಏನೂ ಇಲ್ಲವೆಂಬಂತೆ ಕಾಣುತ್ತದೆ. ಈಗ ಬರುತ್ತಿರುವ ಹಾಳೆಗಳಲ್ಲಿ 300 ಮತ್ತು 500ರ ಗೆರೆಗಳನ್ನು ಎದ್ದು ಕಾಣುವಂತೆ ಗುರುತಿಸಿರುತ್ತಾರೆ.

ಕಟ್ಟುವ ಕ್ರಮದಲ್ಲಿ ಸಮಯವೇ ಮುಖ್ಯ. ಮಗು ಹೊರಬಂದು ನೆತ್ತಿನೀರು ಪೂರ್ತಿ ಹರಿದುಹೋದ ಮೇಲೆ, ಒದ್ದೆಯಾದ ಬಟ್ಟೆ ತೆಗೆದು, ತಾಯಿಗೆ ಸ್ವಲ್ಪ ಸೊಂಟ ಎತ್ತಲು ಹೇಳಿ ಹಾಳೆಯನ್ನು ಕುಂಡೆಯ ಕೆಳಗೆ ಸರಿಸಬೇಕು. ಮೊದಲೇ ಹಾಸಿಟ್ಟರೆ ನೆತ್ತಿನೀರೂ ಮೂತ್ರವೂ ಜೋಳಿಗೆಗೆ ಇಳಿದು 500 ಮಿ.ಲೀ. ಸುಳ್ಳು ಓದು ಬರುತ್ತದೆ. ಎರಡು ಸಲ ಹೀಗಾದರೆ ಮೂರನೇ ಸಲ ನಿಜವಾದ 500ನ್ನೂ ಯಾರೂ ನಂಬುವುದಿಲ್ಲ. ಮುಂಚೆಯೇ ಹಾಸಲೇಬೇಕಾದರೆ ಜೋಳಿಗೆಯ ಬಾಯಿ ಮಡಚಿಟ್ಟು, ಮಗು ಬಂದ ಮೇಲೆ ಬಿಚ್ಚಬೇಕು. ಪಟ್ಟಿಗಳನ್ನು ಹೊಟ್ಟೆಯ ಮೇಲೆ ಸಡಿಲವಾಗಿ ಕಟ್ಟಬೇಕು, ಇಲ್ಲದಿದ್ದರೆ ಗರ್ಭಕೋಶ ಮುಟ್ಟಿ ನೋಡಲು ಅದೇ ಅಡ್ಡ. ಜೋಳಿಗೆ ಮೇಜಿನ ಅಂಚಿನಿಂದ ಕೆಳಗೆ ನೇರ ಜೋತು ಬೀಳಬೇಕು. ಬೆನ್ನ ಕಡೆ ಸ್ವಲ್ಪ ಎತ್ತರಿಸಿದರೆ ರಕ್ತ ಹಿಂದಕ್ಕೆ ಹರಿದು ಬೆನ್ನಿನಡಿ ನಿಲ್ಲುವುದು ತಪ್ಪುತ್ತದೆ. ನೆಲದ ಮೇಲೆ ಹೆರಿಗೆಯಾದಲ್ಲಿ ಜೋಳಿಗೆ ಜೋತು ಬೀಳಲು ಜಾಗವಿಲ್ಲ. ಎರಡೂ ಕೈಯಿಂದ ಎತ್ತಿ ನೇರ ಹಿಡಿದು, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ಓದಬೇಕು. ರಕ್ತ ಒರೆಸಿದ ಹತ್ತಿ, ಗಾಜ್ ಜೋಳಿಗೆಗೆ ಎಸೆಯಬಾರದು. ಅವನ್ನು ಬೇರೆ ತೂಗಿ, ಒಣ ತೂಕ ಕಳೆದು, 1.06 ಗ್ರಾಂಗೆ ಒಂದು ಮಿ.ಲೀ. ಎಂದು ಕೂಡಿಸಬೇಕು.

ಹಾಳೆ ಇಲ್ಲದ ಕಡೆ ಏನು? ತೂಕದ ಯಂತ್ರವಾದರೂ ಇರುತ್ತದೆ. ದಪ್ಪ ಪ್ಲಾಸ್ಟಿಕ್ ಹಾಸಿ, ಅದರ ಮೇಲಿನ ರಕ್ತವನ್ನು ಅಳತೆ ಜಗ್ಗಿಗೆ ಇಳಿಸಿ, ಒದ್ದೆ ಬಟ್ಟೆಯನ್ನು ತೂಗಿದರೂ ಕಣ್ಣಂದಾಜಿಗಿಂತ ಎಷ್ಟೋ ಮೇಲು. ತೊಂದರೆ ಏನೆಂದರೆ ತೂಗುವ ಹೊತ್ತಿಗೆ ಇಪ್ಪತ್ತು ನಿಮಿಷ ಕಳೆದಿರುತ್ತದೆ.

ಗೆರೆ ಮುಟ್ಟಿದ ಮೇಲೆ

ರಕ್ತ ಎಷ್ಟು ಹೋಯಿತೆಂದು ತಿಳಿದ ಮಾತ್ರಕ್ಕೆ ಯಾರೂ ಬದುಕುವುದಿಲ್ಲ. ಗೆರೆ ಮುಟ್ಟಿದಾಗ ಕೈಗಳು ಏನು ಮಾಡುತ್ತವೆ ಎಂಬುದೇ ಮುಂದಿನ ಹದಿನೈದು ವರ್ಷಗಳ ಸಂಶೋಧನೆಯ ವಿಷಯ.

ಲಂಡನ್ನಿನ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್ ನಡೆಸಿದ ‘ವುಮನ್’ ಪ್ರಯೋಗ 21 ದೇಶಗಳ 193 ಆಸ್ಪತ್ರೆಗಳಲ್ಲಿ 20,060 ಮಂದಿಯನ್ನು ಸೇರಿಸಿಕೊಂಡಿತ್ತು. ಟ್ರಾನೆಕ್ಸಾಮಿಕ್ ಆಮ್ಲ ಎಂಬ ಅಗ್ಗದ ಔಷಧ, ಗಟ್ಟಿಯಾದ ಹೆಪ್ಪು ಕರಗದಂತೆ ತಡೆಯುತ್ತದೆ. ಹೆರಿಗೆಯಾದ ಮೂರು ಗಂಟೆಯೊಳಗೆ ಕೊಟ್ಟಾಗ ರಕ್ತಸ್ರಾವದಿಂದಾದ ಸಾವು ಶೇ 1.7ರಿಂದ ಶೇ 1.2ಕ್ಕೆ ಇಳಿಯಿತು ಎಂದು 2017ರಲ್ಲಿ ತಿಳಿಯಿತು. ತಡ ಮಾಡಿದ ಪ್ರತಿ 15 ನಿಮಿಷಕ್ಕೆ ಪ್ರಯೋಜನ ಸುಮಾರು ಶೇ 10ರಷ್ಟು ಕುಗ್ಗುತ್ತದೆ, ಮೂರು ಗಂಟೆ ಮೀರಿದರೆ ಪ್ರಯೋಜನವೇ ಇಲ್ಲ. ಇದನ್ನು ನಮ್ಮ ರಸ್ತೆಗಳ ಮೇಲಿಟ್ಟು ನೋಡಿ. ‘ತಾಲ್ಲೂಕು ಆಸ್ಪತ್ರೆಗೆ ಹೋದ ಮೇಲೆ ಕೊಡುತ್ತಾರೆ’ ಎಂದು ಪಿಎಚ್‌ಸಿಯಿಂದ 108ರಲ್ಲಿ ಕಳಿಸಿದರೆ ಔಷಧದ ಅರ್ಧ ಶಕ್ತಿ ದಾರಿಯಲ್ಲೇ ಕಳೆದುಹೋಗುತ್ತದೆ. ಅದು ಮೊದಲು ಸೂಜಿ ಚುಚ್ಚುವ ಜಾಗದಲ್ಲೇ ಇರಬೇಕಾದ ಔಷಧ.

ಹೀಗೆ ಬೇರೆ ಬೇರೆಯಾಗಿ ಗೊತ್ತಿದ್ದದ್ದನ್ನೆಲ್ಲ ಒಂದೇ ಕಟ್ಟಾಗಿ ಕಟ್ಟಿದವರು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು, ವಿಶ್ವ ಆರೋಗ್ಯ ಸಂಸ್ಥೆಯ ಜೊತೆಗೂಡಿ. ‘ಇ-ಮೋಟಿವ್’ ಎಂಬ ಈ ಪ್ರಯೋಗ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ನಡೆಯಿತು. 2,10,132 ಸಹಜ ಹೆರಿಗೆಗಳು. ಹೊಸ ಔಷಧ ಒಂದೂ ಇಲ್ಲ. ಇದ್ದ ಔಷಧಗಳೇ, ಆದರೆ ಒಂದಾದ ಮೇಲೊಂದು ಕಾದು ನೋಡುತ್ತಾ ಕೊಡುವ ಬದಲು ಎಲ್ಲವನ್ನೂ ಒಟ್ಟಿಗೆ, 15 ನಿಮಿಷದೊಳಗೆ.

ಕ್ರಮ ಹೀಗೆ. ಹೆರಿಗೆಯಾದ ಮೊದಲ ಗಂಟೆಯಲ್ಲಿ 15 ನಿಮಿಷಕ್ಕೊಮ್ಮೆ ಜೋಳಿಗೆಯ ಮಟ್ಟ ಓದಿ ಬರೆಯಬೇಕು, ಗರ್ಭಕೋಶ ಮುಟ್ಟಿ ನೋಡಬೇಕು. ನಾಡಿ ಮತ್ತು ರಕ್ತದೊತ್ತಡವನ್ನೂ ನೋಡಿರಬೇಕು. 500 ಮಿ.ಲೀ. ಮುಟ್ಟಿದರೆ ಬೇರೇನೂ ನೋಡದೆ ಚಿಕಿತ್ಸೆ ಶುರು. 300 ಮುಟ್ಟಿ, ಜೊತೆಗೆ ನಾಡಿಯೋ ರಕ್ತದೊತ್ತಡವೋ ಕೆಟ್ಟಿದ್ದರೆ, ಗರ್ಭಕೋಶ ಮೆತ್ತಗಿದ್ದರೆ, ಇಲ್ಲವೇ ರಕ್ತ ಧಾರೆಯಾಗಿ ಬರುತ್ತಿದ್ದರೆ ಆಗಲೂ ಶುರು. ಅನುಭವಿ ಸಿಸ್ಟರಿಗೆ ‘ಇದ್ಯಾಕೋ ಸರಿಯಿಲ್ಲ’ ಎನಿಸಿದರೆ ಅದಕ್ಕೂ ಬೆಲೆ ಕೊಟ್ಟಿದ್ದಾರೆ. ಗೆರೆ ಮುಟ್ಟುವವರೆಗೆ ಕಾಯಬೇಕಿಲ್ಲ. ನಾಡಿಯನ್ನು ರಕ್ತದೊತ್ತಡದ ಮೇಲಿನ ಅಂಕಿಯಿಂದ ಭಾಗಿಸಿದರೆ ಇನ್ನೊಂದು ಸುಳಿವು ಸಿಗುತ್ತದೆ: 0.9 ದಾಟಿದರೆ ಎಚ್ಚರ. ನಾಡಿ 110, ಒತ್ತಡ 100 ಇದ್ದರೆ 1.1. ಒತ್ತಡ ಒಂದನ್ನೇ ನೋಡಿದರೆ ‘ನೂರಿದೆಯಲ್ಲ, ಪರವಾಗಿಲ್ಲ’ ಎನಿಸುವ ಹೊತ್ತು ಅದು. ಎಳೆಯ ವಯಸ್ಸಿನ ಹೆಂಗಸರ ದೇಹ ಕೊನೆಯವರೆಗೂ ಒತ್ತಡ ಹಿಡಿದಿಟ್ಟುಕೊಂಡು, ಬಿದ್ದಾಗ ಒಮ್ಮೆಲೇ ಬೀಳುತ್ತದೆ.

ಶುರು ಎಂದರೆ ಮೊದಲು ಕೂಗಿ ಜನ ಕರೆಯುವುದು. ಒಬ್ಬರು ಗರ್ಭಕೋಶವನ್ನು ಹೊಟ್ಟೆಯ ಮೇಲಿಂದ ಒಂದು ನಿಮಿಷ, ಅಥವಾ ಅದು ಬಿಗಿಯುವವರೆಗೆ, ವೃತ್ತಾಕಾರವಾಗಿ ಉಜ್ಜಬೇಕು. ಇನ್ನೊಬ್ಬರು ದಪ್ಪ ಸೂಜಿಯಿಂದ ಐವಿ ಲೈನ್ ಹಾಕಿ ಆಕ್ಸಿಟೋಸಿನ್ 10 ಯೂನಿಟ್ ಸಲೈನಿನಲ್ಲಿ ಬೆರೆಸಿ ಸುಮಾರು ಹತ್ತು ನಿಮಿಷದಲ್ಲಿ ಬಿಡಬೇಕು, ಆಮೇಲೆ ಒಂದು ಲೀಟರಿನಲ್ಲಿ 20 ಯೂನಿಟ್ ನಾಲ್ಕು ಗಂಟೆ ನಿಧಾನವಾಗಿ. ಟ್ರಾನೆಕ್ಸಾಮಿಕ್ ಆಮ್ಲ ಒಂದು ಗ್ರಾಂ, ಹತ್ತು ನಿಮಿಷದಲ್ಲಿ; ಅರ್ಧ ಗಂಟೆ ಕಳೆದರೂ ರಕ್ತ ನಿಲ್ಲದಿದ್ದರೆ ಇನ್ನೊಂದು ಗ್ರಾಂ. ಜೊತೆಗೆ ಸಲೈನ್. ಅಷ್ಟರಲ್ಲೇ ಮೂತ್ರಕೋಶ ಖಾಲಿ ಮಾಡಿಸಿ, ಒಳಗಿನ ಹೆಪ್ಪು ತೆಗೆದು, ಮಾಸು ಪೂರ್ತಿ ಬಂದಿದೆಯೇ, ಗರ್ಭಕೋಶದ ಕೊರಳಲ್ಲೋ ಯೋನಿಯಲ್ಲೋ ಹರಿದಿದೆಯೇ ನೋಡಬೇಕು. ಇಷ್ಟಕ್ಕೂ ನಿಲ್ಲದಿದ್ದರೆ ತಕ್ಷಣ ಮೇಲಿನವರಿಗೆ ಕರೆ.

2023ರ ಮೇ ತಿಂಗಳಲ್ಲಿ ಬಂದ ಫಲಿತಾಂಶ ಈ ಕ್ಷೇತ್ರದವರೂ ನಿರೀಕ್ಷಿಸದಷ್ಟು ದೊಡ್ಡದು. ಒಂದು ಲೀಟರ್ ದಾಟಿದ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯಬೇಕಾಗಿ ಬಂದದ್ದು, ಸಾವು, ಇವು ಮೂರನ್ನೂ ಸೇರಿಸಿದ ಪ್ರಮಾಣ ಹಳೆಯ ರೀತಿಯ ಆರೈಕೆಯಲ್ಲಿ ಶೇ 4.3, ಹೊಸ ಕ್ರಮದಲ್ಲಿ ಶೇ 1.6. ಕಾರಣವೂ ಅಂಕಿಯಲ್ಲೇ ಇದೆ: ಹಳೆಯ ರೀತಿಯಲ್ಲಿ ರಕ್ತಸ್ರಾವ ಆದವರಲ್ಲಿ ಶೇ 51.1 ಮಂದಿಯದ್ದು ಮಾತ್ರ ಗಮನಕ್ಕೆ ಬಂದಿತ್ತು, ಹಾಳೆ ಕಟ್ಟಿದಲ್ಲಿ ಶೇ 93.1. ಪೂರ್ತಿ ಚಿಕಿತ್ಸೆಯ ಕಟ್ಟು ಸಿಕ್ಕಿದ್ದು ಶೇ 19.4ಕ್ಕೆ ಬದಲು ಶೇ 91.2 ಮಂದಿಗೆ. ಇಷ್ಟು ದಿನ ಅರ್ಧದಷ್ಟು ಹೆಂಗಸರ ರಕ್ತಸ್ರಾವ ಯಾರ ಕಣ್ಣಿಗೂ ಬೀಳದೆ ‘ಮಾಮೂಲಿ’ ಎಂದು ದಾಖಲಾಗುತ್ತಿತ್ತು ಎಂಬ ಈ ಒಂದು ಸಂಗತಿ ಯಾರ ನಿದ್ದೆಯನ್ನಾದರೂ ಕೆಡಿಸಬೇಕು.

ಎಲ್ಲಿ ಎಡವುತ್ತದೆ

ಮೊದಲನೆಯದು ಫ್ರಿಜ್. ಆಕ್ಸಿಟೋಸಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಏಪ್ರಿಲ್ ತಿಂಗಳಲ್ಲಿ ರಾಯಚೂರು, ಕಲಬುರಗಿಯ ಕಡೆ ಹೆರಿಗೆ ಕೋಣೆಯ ಟ್ರೇಯಲ್ಲಿ ದಿನವಿಡೀ ಇಟ್ಟ ಆಂಪೂಲು ನೋಡಲು ಹೊಸದೇ, ಕೆಲಸ ಮಾತ್ರ ಕಡಿಮೆ. ಬಣ್ಣ ಬದಲಾಗುವುದಿಲ್ಲ, ವಾಸನೆ ಬರುವುದಿಲ್ಲ. ಗರ್ಭಕೋಶ ಬಿಗಿಯದಿದ್ದಾಗಲೇ ತಿಳಿಯುವುದು. ಒಂದು ಪಾಳಿಗೆ ಬೇಕಾದಷ್ಟನ್ನೇ ಹೊರತೆಗೆದು ಐಸ್ ಪ್ಯಾಕಿನ ಡಬ್ಬದಲ್ಲಿ ಇಡುವುದು ಅದಕ್ಕೆ ಸುಲಭ ದಾರಿ. ಶಾಖ ತಡೆಯುವ ಕಾರ್ಬೆಟೋಸಿನ್ ಇನ್ನೊಂದು ದಾರಿ: ಭಾರತವೂ ಸೇರಿ 10 ದೇಶಗಳಲ್ಲಿ 29,645 ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 500 ಮಿ.ಲೀ. ಮುಟ್ಟಿದವರು ಅಥವಾ ಗರ್ಭಕೋಶ ಬಿಗಿಸಲು ಮತ್ತೊಂದು ಔಷಧ ಬೇಕಾದವರು ಕಾರ್ಬೆಟೋಸಿನ್ ಗುಂಪಿನಲ್ಲಿ ಶೇ 14.5, ಆಕ್ಸಿಟೋಸಿನ್ ಗುಂಪಿನಲ್ಲಿ ಶೇ 14.4. ಸರಿಸಮ ಎಂದೇ ಹೇಳಬಹುದು. ಆದರೆ ಅದು ತಡೆಯಲು ಮಾತ್ರ. ರಕ್ತಸ್ರಾವ ಶುರುವಾದ ಮೇಲಿನ ಚಿಕಿತ್ಸೆಗೆ ಅಲ್ಲ.

ಎರಡನೆಯದು ಬೀಗ. ನಾಲ್ಕು ಔಷಧ ನಾಲ್ಕು ಕಪಾಟಿನಲ್ಲಿ, ಬೀಗದ ಕೈ ಫಾರ್ಮಸಿಸ್ಟ್ ಹತ್ತಿರ, ರಾತ್ರಿ ಎರಡು ಗಂಟೆ. ಇ-ಮೋಟಿವ್ ಆಸ್ಪತ್ರೆಗಳಲ್ಲಿ ಇದಕ್ಕೆ ಮಾಡಿದ್ದು ಬಹಳ ಸಣ್ಣ ಕೆಲಸ: ಎಲ್ಲವನ್ನೂ ಒಂದೇ ಟ್ರಾಲಿಯಲ್ಲಿ ಇಲ್ಲವೇ ಕೈಪೆಟ್ಟಿಗೆಯಲ್ಲಿ ಇಟ್ಟರು. ಖಾಲಿಯಾದದ್ದನ್ನು ಬಳಸಿದ ಪಾಳಿಯವರೇ ತುಂಬಿಡುವ ರೂಢಿ ಇಲ್ಲದಿದ್ದರೆ ತಿಂಗಳೊಳಗೆ ಪೆಟ್ಟಿಗೆಯಲ್ಲಿ ಗ್ಲೌಸ್ ಮಾತ್ರ ಉಳಿಯುತ್ತದೆ.

ಮೂರನೆಯದು, ಹದಿನೈದು ನಿಮಿಷದ ಓದು. ಹೆರಿಗೆ ಮಾಡಿಸಿದ ಸಿಸ್ಟರ್ ಒಬ್ಬರೇ. ಮಗುವನ್ನು ಒರೆಸಿ ತೂಗಿ, ಹೊಲಿಗೆ ಹಾಕಿ, ರಿಜಿಸ್ಟರ್ ಬರೆಯುವಷ್ಟರಲ್ಲಿ ಪಕ್ಕದ ಮೇಜಿನಲ್ಲಿ ಇನ್ನೊಬ್ಬಳಿಗೆ ನೋವು ಏರಿರುತ್ತದೆ. ಓದಿದ ಹಾಗೆ ನಾಲ್ಕೂ ಅಂಕಿಯನ್ನು ಕೊನೆಗೆ ಒಟ್ಟಿಗೆ ತುಂಬುವುದು ಆಗುವುದು ಇಲ್ಲೇ. ಇದು ಆ ಸಿಸ್ಟರ್ ತಪ್ಪಲ್ಲ, ಪಾಳಿಗೆ ಇನ್ನೊಬ್ಬರನ್ನು ಹಾಕದವರದ್ದು. ಹಾಳೆ ಅಗ್ಗ ಎಂದು ಹೇಳಿ ಕೈಗಳ ಲೆಕ್ಕ ಬಿಟ್ಟರೆ ಆಫ್ರಿಕಾದಲ್ಲಿ ಬಂದ ಫಲಿತಾಂಶ ಇಲ್ಲಿ ಬರುವುದಿಲ್ಲ.

ಇನ್ನು ಸಂಶೋಧನೆಯೇ ತಲುಪದ ಜಾಗಗಳಿವೆ. ಇ-ಮೋಟಿವ್ ನಡೆದದ್ದು ಸಹಜ ಹೆರಿಗೆಯಲ್ಲಿ. ಕರ್ನಾಟಕದಲ್ಲಿ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಶೇ 31.5 ಹೆರಿಗೆಗಳು ಸಿಸೇರಿಯನ್. ಅಲ್ಲಿ ರಕ್ತ ಸಕ್ಷನ್ ಬಾಟಲಿಗೆ, ಮಾಪ್‌ಗಳಿಗೆ (ರಕ್ತ ಹೀರುವ ಬಟ್ಟೆಗಳಿಗೆ), ನೆತ್ತಿನೀರಿಗೆ ಹಂಚಿಹೋಗುತ್ತದೆ. ಮಗು ತೆಗೆದು ನೆತ್ತಿನೀರು ಎಳೆದಾದ ತಕ್ಷಣ ಬಾಟಲಿಯ ಮಟ್ಟ ಗುರುತು ಹಾಕಿ, ಅಲ್ಲಿಂದ ಮೇಲಿನದ್ದನ್ನಷ್ಟೇ ರಕ್ತವೆಂದು ಲೆಕ್ಕ ಹಿಡಿದು, ಮಾಪ್‌ಗಳನ್ನು ತೂಗುವುದು ಸದ್ಯಕ್ಕಿರುವ ಒಳ್ಳೆಯ ದಾರಿ.

ರಕ್ತಹೀನತೆಯ ಕಡೆಯೂ ಸುಲಭದ ಉತ್ತರ ಸಿಕ್ಕಿಲ್ಲ. ರಕ್ತ ಕಡಿಮೆ ಇರುವ ತಾಯಂದಿರಿಗೆ ರಕ್ತಸ್ರಾವ ಶುರುವಾಗುವ ಮೊದಲೇ ಟ್ರಾನೆಕ್ಸಾಮಿಕ್ ಆಮ್ಲ ಕೊಟ್ಟರೆ ಹೇಗೆ ಎಂದು ಪಾಕಿಸ್ತಾನ, ನೈಜೀರಿಯಾ, ತಾಂಜಾನಿಯಾ, ಜಾಂಬಿಯಾಗಳಲ್ಲಿ 15,068 ಮಂದಿಯಲ್ಲಿ ನೋಡಿದರು; 2023ರ ಉತ್ತರ, ಪ್ರಯೋಜನವಿಲ್ಲ. ಹಾಗಾಗಿ ಒಂಬತ್ತು ತಿಂಗಳ ಕೆಲಸಕ್ಕೆ ಅಡ್ಡದಾರಿ ಇಲ್ಲ. ಬೆಳಗಾವಿಯ ಅದೇ ಕಾಲೇಜು ಅಮೆರಿಕದ ಥಾಮಸ್ ಜೆಫರ್ಸನ್ ವಿಶ್ವವಿದ್ಯಾಲಯದ ಜೊತೆ ಕರ್ನಾಟಕ ಮತ್ತು ರಾಜಸ್ಥಾನದಲ್ಲಿ ನಡೆಸಿದ ‘ರ‍್ಯಾಪಿಡ್ ಐರನ್’ ಪ್ರಯೋಗ ಹಿಡಿದದ್ದು ಈ ಎಳೆಯನ್ನೇ: ಹಿಮೋಗ್ಲೋಬಿನ್ 7ರಿಂದ 9.9ರ ನಡುವೆ ಇರುವ ಗರ್ಭಿಣಿಯರಿಗೆ ದಿನವೂ ನುಂಗುವ ಕಬ್ಬಿಣದ ಮಾತ್ರೆಯ ಎದುರು ರಕ್ತನಾಳಕ್ಕೆ ಒಂದೇ ಸಲ ಕೊಡುವ ಕಬ್ಬಿಣಾಂಶವನ್ನು ಹೋಲಿಸುವುದು. ಮಾತ್ರೆ ತಿಂದರೆ ಹೊಟ್ಟೆ ಉರಿ, ಮಲಬದ್ಧತೆ, ಕಪ್ಪು ಮಲ. ಎಷ್ಟೋ ಮನೆಗಳಲ್ಲಿ ಸ್ಟ್ರಿಪ್ಪುಗಳು ಹಾಗೇ ಗೂಡಿನಲ್ಲಿ ಉಳಿಯುತ್ತವೆ ಎಂಬುದು ಆಶಾ ಕಾರ್ಯಕರ್ತೆಯರಿಗೆಲ್ಲ ಗೊತ್ತಿರುವ ವಿಷಯ.

2025ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಅಂತರರಾಷ್ಟ್ರೀಯ ಸ್ತ್ರೀರೋಗ ತಜ್ಞರ ಮತ್ತು ಸೂಲಗಿತ್ತಿಯರ ಒಕ್ಕೂಟಗಳ ಜೊತೆ ಸೇರಿ ಹೊಸ ಮಾರ್ಗಸೂಚಿ ತಂದಿತು. ಸಹಜ ಹೆರಿಗೆಯಲ್ಲಿ ಗೆರೆಗಳಿರುವ ಹಾಳೆಯಿಂದ ಅಳೆಯಿರಿ, 300 ಮಿ.ಲೀ. ಜೊತೆಗೆ ನಾಡಿ ಅಥವಾ ರಕ್ತದೊತ್ತಡ ಕೆಟ್ಟಿದ್ದರೆ 500ಕ್ಕೆ ಕಾಯಬೇಡಿ ಎಂದು ಅದರಲ್ಲಿದೆ. 42 ಕೆ.ಜಿ.ಯ ಆ ಹೆಣ್ಣುಮಗಳಿಗೆ ಬೇಕಾಗಿದ್ದ ಗೆರೆ ಇದೇ.

ನಮ್ಮಲ್ಲಿ ನಾಳೆಯಿಂದಲೇ, ಹಾಳೆಯ ಟೆಂಡರಿಗೂ ಕಾಯದೆ, ಆಗಬಹುದಾದ ಒಂದು ಕೆಲಸವಿದೆ. ಪಿಎಚ್‌ಸಿಯಿಂದ ಮೇಲಿನ ಆಸ್ಪತ್ರೆಗೆ ಕಳಿಸುವಾಗ ಚೀಟಿಯಲ್ಲಿ ‘ಪಿಪಿಎಚ್, ರೆಫರ್ಡ್’ (ಹೆರಿಗೆಯ ನಂತರದ ರಕ್ತಸ್ರಾವ, ಮೇಲಕ್ಕೆ ಕಳಿಸಿದೆ) ಎಂದಷ್ಟೇ ಬರೆಯುವ ಬದಲು ಐದು ವಿಷಯ ಬರೆಯುವುದು: ಹೆರಿಗೆಯಾದ ಗಂಟೆ ನಿಮಿಷ, ಇಲ್ಲಿಯವರೆಗೆ ಹೋದ ರಕ್ತ ಎಷ್ಟು ಮಿ.ಲೀ., ಅಳೆದದ್ದೋ ಅಂದಾಜೋ. ನಾಡಿ ಮತ್ತು ರಕ್ತದೊತ್ತಡ. ಆಕ್ಸಿಟೋಸಿನ್ ಮತ್ತು ಟ್ರಾನೆಕ್ಸಾಮಿಕ್ ಆಮ್ಲ ಎಷ್ಟು ಗಂಟೆಗೆ ಕೊಟ್ಟದ್ದು. ತಾಯಿ ಕಾರ್ಡಿನಲ್ಲಿರುವ ಕೊನೆಯ ಹಿಮೋಗ್ಲೋಬಿನ್ ಮತ್ತು ರಕ್ತದ ಗುಂಪು. 108 ಹೊರಡುವ ಮುಂಚೆ ಇಷ್ಟನ್ನು ಫೋನಿನಲ್ಲೂ ಹೇಳಿದರೆ, ಗಾಡಿ ಆ ಕಡೆ ತಲುಪುವ ಹೊತ್ತಿಗೆ ಬ್ಲಡ್ ಬ್ಯಾಂಕಿನ ಫ್ರಿಜ್ಜಿನಿಂದ ರಕ್ತದ ಚೀಲ ಹೊರಗೆ ಬಂದಿರುತ್ತದೆ.